ಗೋಕರ್ಣಕ್ಕೆ ಹೊರಟವಳು ಕೋಲ್ಹಾರ ಮುಟ್ಟಿದೆ

2024ರ ಜುಲೈ ಕೊನೆಯ ವಾರಕ್ಕೆ ನಾನು ಎರಡು ತಿಂಗಳು ಮೊದಲೇ ರಜೆ ಹಾಕಿಟ್ಟಿದ್ದೆ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ಗೋಕರ್ಣ, ಹೊನ್ನಾವರ, ಮುರ್ಡೇಶ್ವರ, ಉಡುಪಿ. ವಾಪಸ್ ಬರುವಾಗ ಆಗುಂಬೆ. ಬಾಡಿಗೆ ಬೈಕು, ಒಬ್ಬಳೇ. ಎಲ್ಲಿ ಪೆಟ್ರೋಲು, ಎಲ್ಲಿ ಊಟ ಅಂತ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೆ. ಆಫೀಸಿನ ಚಟ, ಬಿಡುವುದಿಲ್ಲ.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಅದೇ ದಾರಿ. ಅಲ್ಲಿದ್ದ ಚಹಾ ಅಂಗಡಿಯ ಕುಟುಂಬವೇ ಹೋಯಿತು, ಲಾರಿಗಳು ಗಂಗಾವಳಿ ನದಿ ಪಾಲಾದವು. ನಾನು ಅರಬೈಲ್ ಬದಲು ಬೇರೆ ಘಟ್ಟ ಹುಡುಕುತ್ತಾ ಕೂತಿದ್ದಾಗ ಇಂಡಿಯಿಂದ ಅವ್ವನ ಫೋನ್.

"ಟಿವ್ಯಾಗ ನೋಡಾಕತ್ತೀನಿ. ನೀ ಆ ಕಡೆ ಹೋಗೂದು ಬ್ಯಾಡ. ರಜಾ ಅದಲ್ಲ, ಮನಿಗಿ ಬಾ."

"ಸಮುದ್ರ ನೋಡ್ಬೇಕಿತ್ತವ್ವ."

"ಸಮುದ್ರ ನೋಡೂದಿದ್ರ ಕೋಲ್ಹಾರಕ್ಕ ಹೋಗು," ಅಂದು ಫೋನ್ ಇಟ್ಟಳು.

ಕೋಲ್ಹಾರ ಅವ್ವನ ತವರು. ನಾನು ಚಿಕ್ಕವಳಿದ್ದಾಗ ಹಳೇ ಕೋಲ್ಹಾರ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆಮೇಲೆ ಹೊಸ ಊರಿನಲ್ಲಿ ಮಾವಂದಿರ ಮನೆಗೆ ಮದುವೆ–ಮುಂಜಿಗೆ ಹೋಗಿ ಬಂದಿದ್ದೇವೆ. ನೀರಿನ ಕಡೆ ಮಾತ್ರ ಅವ್ವ ಒಮ್ಮೆಯೂ ಹೋಗಿದ್ದು ನೋಡಿಲ್ಲ.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಶನಿವಾರ ಬೆಳಿಗ್ಗೆ ಅಪ್ಪನ ಹಳೇ ಸ್ಕೂಟಿ, ಒಂದು ರೇನ್‌ಕೋಟು, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ–ಶೇಂಗಾ ಚಟ್ನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಮರಳಿ ಇಂಡಿ. ಇಪ್ಪತ್ತು ವರ್ಷ ಈ ಜಿಲ್ಲೆಯಲ್ಲಿ ಬೆಳೆದವಳು ನಾನು. ಈ ನಾಲ್ಕು ಊರನ್ನೂ ಬಸ್ಸಿನ ಕಿಟಕಿಯಿಂದ ಬಿಟ್ಟರೆ ಸರಿಯಾಗಿ ನೋಡಿರಲಿಲ್ಲ.

ಇಂಡಿ ಅಂದರೆ ಲಿಂಬಿ. ಜಿಐ ಟ್ಯಾಗ್ ಇದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಲ್ಲೇ ಇದೆ. ಊರು ದಾಟಿದ ಮೇಲೆ ಒಂದು ತೋಟದ ಹತ್ತಿರ ನಿಂತೆ. ಹಿಂದಿನ ವರ್ಷದ ಬರಕ್ಕೆ ಒಂದು ಸಾಲು ಗಿಡ ಒಣಗಿದ್ದವು. ಉಳಿದವನ್ನು ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡಿದ್ದಾಗಿ ತೋಟದವರು ಹೇಳಿದರು. ಕೊಳವೆಬಾವಿ ಹೊಡೆಸಿದ್ದೆಲ್ಲ ಬರೀ ಧೂಳಂತೆ. ಅದೇ ಏಪ್ರಿಲ್‌ನಲ್ಲಿ ಇದೇ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು ಇಪ್ಪತ್ತು ತಾಸಿನ ಮೇಲೆ ಜೀವಂತ ಎತ್ತಿದ್ದರು. ಆ ರಾತ್ರಿ ಬೆಂಗಳೂರಿನ ರೂಮಿನಲ್ಲಿ ನಾನೂ ಮೊಬೈಲ್ ಹಿಡಿದು ಕೂತಿದ್ದೆ.

"ಒಬ್ಬಾಕಿನ ಹೊಂಟೀಯೇನವ್ವ?" ಅಂತ ಕೇಳಿ ಅವರು ಜೇಬು ತುಂಬ ಲಿಂಬಿಕಾಯಿ ಕೊಟ್ಟರು. ಆ ಪ್ರಶ್ನೆ ಎರಡು ದಿನದಲ್ಲಿ ಹನ್ನೊಂದು ಸಲ ಬಂತು. ಎಣಿಸಿದ್ದೇನೆ.

ಇಂಡಿ ತಾಲ್ಲೂಕಿನಲ್ಲೇ ಸಾಲೋಟಗಿ ಇದೆ. ಕ್ರಿ.ಶ. 945ರ ಸಂಸ್ಕೃತ ಶಾಸನವೊಂದು ಇಲ್ಲಿನದು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು 27 ಮನೆಗಳಿದ್ದವು. ನಾವು ಇಂಜಿನಿಯರಿಂಗ್ ಓದಲು ಇಲ್ಲಿಂದ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಹೋದೆವು. ಒಂದು ಕಾಲಕ್ಕೆ ಓದಲು ಜನ ಈ ಕಡೆ ಬರುತ್ತಿದ್ದರು.

ಸಿಂದಗಿಯಲ್ಲಿ ಮಿರ್ಚಿ ಭಜಿ, ಚಹಾ. ಅಷ್ಟೇ, ಮಳೆ ಜೋರಿತ್ತು.

ಸಿಂದಗಿ ದಾಟಿದರೆ ಎರಡೂ ಕಡೆ ಎರಿ ಹೊಲ, ತೊಗರಿ, ಹತ್ತಿ. ದಿಗಂತದವರೆಗೆ ಒಂದು ಗುಡ್ಡ ಇಲ್ಲ. ಫೋಟೊ ತೆಗೆಯಲು ಸ್ಕೂಟಿಯನ್ನು ಡಾಂಬರು ಬಿಟ್ಟು ನಾಲ್ಕು ಮಾರು ಇಳಿಸಿದೆ. ಎರಿ ಮಣ್ಣು ಗಾಲಿಗೆ ಸುತ್ತಿಕೊಂಡು ಗಾಲಿ ತಿರುಗುವುದೇ ನಿಂತಿತು. ಈ ಮಣ್ಣಲ್ಲಿ ಹುಟ್ಟಿ ಬೆಳೆದವಳು ಇಷ್ಟನ್ನು ಮರೆತಿದ್ದೆ! ಹೊಲದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಬಂದು ಕಟ್ಟಿಗೆಯಿಂದ ಮಣ್ಣು ಕೆರೆದು, ಸ್ಕೂಟಿ ದೂಡಿ ಕೊಟ್ಟರು. "ಬೆಂಗಳೂರಾಗ ಇರ್ತಾಳಂತ," ಅಂತ ಒಬ್ಬಾಕಿ ಇನ್ನೊಬ್ಬಾಕಿಗೆ ಹೇಳಿ ನಕ್ಕಳು. ಅವರ ಮನೆಯ ಬಚ್ಚಲೂ ಸಿಕ್ಕಿದ್ದು ದೊಡ್ಡ ಉಪಕಾರ. ಒಬ್ಬಳೇ ತಿರುಗುವಾಗ ಹೆದರಿಕೆಗಿಂತ ಮೊದಲು ಕಾಡುವುದು ಅದು.

ಮುಂದೆ ತಾಳಿಕೋಟೆ, ಡೋಣಿ ನದಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಕೇಳಿಯೇ ಬೆಳೆದಿದ್ದೇವೆ. ನೀರು ಮಾತ್ರ ಸವುಳು. ರಾತ್ರಿ ಮುದ್ದೇಬಿಹಾಳದಲ್ಲಿ ಕಾಲೇಜು ಗೆಳತಿಯ ಮನೆ. ಅವಳ ಅತ್ತೆ "ಮದಿವಿ ಯಾವಾಗ?" ಅಂತ ಕೇಳಿದರು. ಅದರ ಲೆಕ್ಕ ಬೇರೆ ಇಟ್ಟಿದ್ದೇನೆ.

ಭಾನುವಾರ ಬೆಳಿಗ್ಗೆ ತಂಗಡಗಿ. ಬಸವಣ್ಣನವರ ಹೆಂಡತಿ ನೀಲಾಂಬಿಕೆ ಐಕ್ಯರಾದ ಜಾಗ ಇದು ಅನ್ನುತ್ತಾರೆ. ಕೂಡಲಸಂಗಮಕ್ಕೆ ಬಾ ಎಂದು ಬಸವಣ್ಣನವರಿಂದ ಕರೆ ಬಂದಾಗ, ಅಲ್ಲಿರುವ ಲಿಂಗ ಇಲ್ಲಿಲ್ಲವೇ ಎಂದು ಇಲ್ಲೇ ಉಳಿದರಂತೆ. ತಂಗಡಗಿ, ರಕ್ಕಸಗಿ ಎರಡೂ ಈ ತಾಲ್ಲೂಕಿನ ಊರುಗಳು. ವಿಜಯನಗರದ ಕಥೆ ಬದಲಿಸಿದ 1565ರ ಯುದ್ಧಕ್ಕೆ ಇವೆರಡರ ಹೆಸರು ಸೇರಿಸಿಯೇ ಕರೆಯುತ್ತಾರೆ. ನನ್ನ ತಲೆಯಲ್ಲಿ ಮಾತ್ರ ನೀಲಾಂಬಿಕೆಯೇ ಉಳಿದಳು.

ಕೃಷ್ಣೆ ಕೆಂಪಗೆ, ದಡ ತುಂಬಿ ಹರಿಯುತ್ತಿದ್ದಳು. ಆಗ ಹೊಳೆಯಿತು: ಈ ನೀರು ನನ್ನ ದಾರಿ ಮುಚ್ಚಿಸಿದ ಅದೇ ಮಳೆಯದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 64 ಕಿ.ಮೀ. ಅಷ್ಟೇ. ಸಹ್ಯಾದ್ರಿಯ ನೆತ್ತಿಯಿಂದ ಪಡುವಣಕ್ಕೆ ಜಾರಿದ ಹನಿ ಬೇಗ ಸಮುದ್ರ ಸೇರುತ್ತದೆ. ಮೂಡಣಕ್ಕೆ ಜಾರಿದ್ದು ನಮ್ಮ ಜಿಲ್ಲೆ ದಾಟಿ, 1400 ಕಿ.ಮೀ. ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾನು ಹೋಗಲಾಗದ ಘಟ್ಟ ಮನೆ ಬಾಗಿಲಿಗೇ ಬಂದಿತ್ತು.

ಆಲಮಟ್ಟಿಯಲ್ಲಿ ಜಾತ್ರೆಯಷ್ಟು ಜನ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, 26 ಗೇಟುಗಳ ಅಣೆಕಟ್ಟು. ಆ ದಿನಗಳಲ್ಲಿ ಮೂರು ಲಕ್ಷ ಕ್ಯುಸೆಕ್ ಮೀರಿ ನೀರು ಬಿಡುತ್ತಿದ್ದರು. ಅಂದರೆ ಸೆಕೆಂಡಿಗೆ ಸುಮಾರು 85 ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸೆಕೆಂಡಿಗೆ ಏಳುನೂರು ಟ್ಯಾಂಕರ್. ಅದೇ ಮಾರ್ಚ್‌ನಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನವರು ಒಂದು ಟ್ಯಾಂಕರಿಗೆ ಎರಡು ದಿನ ಕಾದಿದ್ದೆವು. ಇಂಡಿಯ ಆ ಒಣಗಿದ ಲಿಂಬಿ ಸಾಲೂ ನೆನಪಾಯಿತು.

ಬಸವನ ಬಾಗೇವಾಡಿಯಲ್ಲಿ ಗುಡಿಗೆ ಹೋಗಿ ಕೈಮುಗಿದು, ತಡ ಮಾಡದೆ ಕೋಲ್ಹಾರದ ದಾರಿ ಹಿಡಿದೆ. ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಕೋಲ್ಹಾರದ ಮೊಸರು ಗೊತ್ತಲ್ಲ, ಮಣ್ಣಿನ ಗಡಿಗೆಯಲ್ಲಿ ಮಾರುತ್ತಾರೆ. ಮಾರುವ ಅಜ್ಜಿಗೆ ನಾನು ಯಾರ ಮೊಮ್ಮಗಳೆಂದು ಹೇಳಿದ ಕೂಡಲೇ ಅಡ್ಡಹೆಸರು ಹಿಡಿದು ಓಣಿ ಗುರುತಿಸಿದಳು. ಆ ಓಣಿ ಈಗಿಲ್ಲ. "ಇನ್ನಾ ಎತ್ತರ ಮಾಡ್ತಾರಂತಲ್ಲ ತಂಗಿ, ನಿಮಗ ಗೊತ್ತಿರತೈತಿ, ನೀವು ಓದಿದವರು," ಅಂದಳು. ಕೇಳಿದ್ದು ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯ. 2010ರಲ್ಲೇ ನ್ಯಾಯಮಂಡಳಿ ಒಪ್ಪಿದ್ದು. ಮುಂದೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತು ಮಾಡಿತು. ಅಂದು ಆ ಅಜ್ಜಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಏರಿಸಿದರೆ ಎಷ್ಟೋ ಒಣ ಹೊಲಗಳಿಗೆ ನೀರು ಬರುತ್ತದೆ, ಎಷ್ಟೋ ಮನೆಗಳು ಮುಳುಗುತ್ತವೆ. ನನ್ನ ಮನೆತನ ಎರಡೂ ಕಡೆ ಇದೆ.

ಸಂಜೆ ಐದಕ್ಕೆ ಕೊರ್ತಿ–ಕೋಲ್ಹಾರ ಸೇತುವೆ ಮೇಲೆ ನಿಂತೆ. ಎರಡೂ ಕಡೆ ನೀರು, ಗಾಳಿಗೆ ಸಣ್ಣ ತೆರೆ. ದೂರದ ದಡ ಮಳೆ ಮಬ್ಬಿನಲ್ಲಿ ಕಾಣುತ್ತಿರಲಿಲ್ಲ. ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಫೋನ್ ಸ್ವಲ್ಪ ಎಡಕ್ಕ ತಿರುವು. ಇನ್ನಾ. ಹಾಂ, ಅಲ್ಲೇ ಇರಬೇಕು ನೋಡು. ಹಿತ್ತಲದಾಗ ಬೇವಿನ ಗಿಡ ಇತ್ತು."

ನಾನು ಕೈ ಅಲುಗಾಡದ ಹಾಗೆ ಹಿಡಿದುಕೊಂಡೆ. ಪರದೆಯಲ್ಲಿ ಬರೀ ನೀರು. ಅಪ್ಪನೂ ಬಂದು ಅವಳ ಹಿಂದೆ ನಿಂತು ನೋಡಿದ. ಐದಾರು ನಿಮಿಷ ಹಾಗೇ. ಒಂದು ಲಾರಿ ಹಾದು ಹೋಗಿ ಸೇತುವೆ ನಡುಗಿತು.

"ಮೊಸರು ತಗೊಂಡೀಯೇನು?"

"ಎರಡು ಗಡಿಗಿ."

"ಡಿಕ್ಕ್ಯಾಗ ಇಡಬ್ಯಾಡ, ಒಡೀತಾವ. ಕಾಲಾಗ ಇಟ್ಕೊ. ಕತ್ತಲಾಗೂದ್ರೊಳಗ ಬಿಜಾಪುರ ದಾಟು."