ವಿಮಾನದ ಮೈಮೇಲೆ ನಮ್ಮ ಊರಿನ ಹೆಸರು

ಹೈದರಾಬಾದಿನಲ್ಲಿ ನೆಲೆಸಿರುವ ನಾವು ಈ ಊರಿನ ಹೆಸರನ್ನು ದಿನಕ್ಕೆ ಎಷ್ಟು ಸಲ ಓದುತ್ತೇವೆಯೋ ಲೆಕ್ಕವಿಲ್ಲ. ಇದೇ ಹೆಸರು ಒಂದು ಕಾಲಕ್ಕೆ ಯುದ್ಧವಿಮಾನಗಳ ಮೈಮೇಲೇರಿ ಜರ್ಮನಿಯ ಆಕಾಶದವರೆಗೂ ಹೋಗಿತ್ತೆಂಬುದನ್ನು ಬಲ್ಲವರು ಮಾತ್ರ ವಿರಳ.

ಮೊದಲನೆಯ ಮಹಾಯುದ್ಧದಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿಖಾನರು ಬ್ರಿಟಿಷರಿಗೆ ಒಂದು ಇಡೀ ದಳಕ್ಕೆ ಸಾಲುವಷ್ಟು ವಿಮಾನಗಳನ್ನು ಕೊಡಿಸಿದರು. ೧೧೦ನೆಯ ಸ್ಕ್ವಾಡ್ರನ್ನಿಗೆ ‘ಹೈದರಾಬಾದ್’ ಎಂಬ ಹೆಸರೇ ಬಂದಿತು. ಮರ, ಬಟ್ಟೆಗಳ ಮೈ, ನಾನೂರು ಅಶ್ವಶಕ್ತಿಯ ಎಂಜಿನ್, ಇಬ್ಬರಿಗೆ ಸ್ಥಳ. ಇವು ಬಾಂಬು ಹಾಕುವ ಡಿ.ಎಚ್. ೯ಎ ವಿಮಾನಗಳು. ಇವು ನಿಜಾಮರ ಕೊಡುಗೆಯೆಂದು ಮೈಮೇಲೆ ಬಣ್ಣದಲ್ಲಿ ಬರೆಸಿ, ಪಕ್ಕದಲ್ಲಿ ಹೈದರಾಬಾದ್ ಇಷ್ಟನೆಯದು ಎಂದು ಸಂಖ್ಯೆಯನ್ನೂ ಕೊಟ್ಟಿದ್ದರು. ೧೯೧೮ರ ಸೆಪ್ಟೆಂಬರಿನಲ್ಲಿ ದಳ ಫ್ರಾನ್ಸಿಗೆ ಹೋಯಿತು.

ಅವುಗಳಲ್ಲಿ ಎಫ್ ೧೦೧೦ ಎಂಬುದು ‘ಹೈದರಾಬಾದ್ ೧೨ಎ’. ಅದೇ ಅಕ್ಟೋಬರ್ ೫ರಂದು ಬಾಂಬು ಹಾಕಲು ಹೋದದ್ದು ಹಿಂದಿರುಗಲಿಲ್ಲ. ಅದರಲ್ಲಿದ್ದ ಇಬ್ಬರೂ ಸೆರೆಯಾದರು. ಐದು ವಾರ ಕಳೆಯುವಷ್ಟರಲ್ಲಿ ಯುದ್ಧವೇ ಮುಗಿಯಿತು! ಜರ್ಮನರು ವಿಮಾನವನ್ನು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನ ಮೇಲೆ ಬಾಂಬು ಬೀಳತೊಡಗಿದಾಗ ಅದು ಪೋಲೆಂಡಿನ ನೆಲ ಸೇರಿತು, ಅನಂತರ ಕ್ರಾಕೋವ್ ನಗರಕ್ಕೆ ಬಂದಿತು. ೧೯೭೭ರಲ್ಲಿ ಇಂಗ್ಲೆಂಡಿನವರು ಒಂದು ಸ್ಪಿಟ್‌ಫೈರ್ ವಿಮಾನವನ್ನು ಬದಲಿಗೆ ಕೊಟ್ಟು ಅದನ್ನು ಬಿಡಿಸಿಕೊಂಡು ಹೋದರು. ಸರ್ಕಾರಿ ನೌಕರರಾದ ನಮಗೂ ಇಷ್ಟು ವರ್ಗಾವಣೆಗಳು ಆಗುವುದಿಲ್ಲ. ಈಗ ಅದು ಲಂಡನ್ನಿನ ಹೆಂಡನ್ನಿನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. ಮೈಮೇಲಿನ ಬರಹವೂ ಇದೆ.

ಎರಡನೆಯ ಯುದ್ಧದಲ್ಲಿ ಹೈದರಾಬಾದಿನ ಹೆಸರು ಹೊತ್ತ ಇನ್ನೊಂದು ದಳ, ೧೫೨ನೆಯದು, ಸ್ಪಿಟ್‌ಫೈರ್ ಹಾರಿಸಿತು. ಅದರ ಲಾಂಛನದಲ್ಲಿದ್ದುದು ನಿಜಾಮರ ದಸ್ತಾರ. ಬರ್ಮಾದಲ್ಲಿ ಆ ವಿಮಾನಗಳ ಪಕ್ಕೆಯ ಮೇಲೆ ನೆಗೆಯುವ ಕರಿಚಿರತೆಯನ್ನು ಬರೆದಿದ್ದರು. ಮಕ್ಕಳಿಗೆ ಇದೇ ಹೆಚ್ಚು ಹಿಡಿಸೀತು.

ನಮಗೆ ಮಾತ್ರ ಎಫ್ ೧೦೧೦ರ ಬರಹದ್ದೇ ಯೋಚನೆ. ಗುಮಾಸ್ತರ ಬುದ್ಧಿ, ಖರ್ಚು ಕಂಡರೆ ಜಮೆ ಎಲ್ಲಿಯದೆಂದು ಹುಡುಕುತ್ತದೆ. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. ಜೋಳ ಬೆಳೆದ ನಮ್ಮ ಅಜ್ಜ, ಮುತ್ತಜ್ಜಂದಿರು ಕಟ್ಟಿದ ಕಂದಾಯವೂ ಆ ಬೊಕ್ಕಸಕ್ಕೇ ಹೋಗುತ್ತಿತ್ತು. ವಿಮಾನಗಳು ಫ್ರಾನ್ಸಿಗೆ ಹೋದ ೧೯೧೮ರಲ್ಲೇ ಇಲ್ಲಿ ಮಳೆ ಕೈಕೊಟ್ಟಿತ್ತು, ಇನ್‌ಫ್ಲುಯೆಂಜಾ ಜ್ವರ ಮನೆಮನೆಗೆ ಹೊಕ್ಕಿತ್ತು. ವಿಮಾನದ ಮೇಲೆ ಆ ರೈತರ ಹೆಸರು ಬರೆಯಲು ಜಾಗವಿರಲಿಲ್ಲವೆನ್ನೋಣ.

ಲಂಡನ್ನಿನಲ್ಲಿರುವ ನಮ್ಮವರ ಮಕ್ಕಳು ಯಾರಾದರೂ ಹೆಂಡನ್ನಿಗೆ ಹೋದರೆ, ಆ ಅಕ್ಷರಗಳ ಚಿತ್ರವೊಂದನ್ನು ತೆಗೆದು ನಮ್ಮ ಪತ್ರಿಕೆಗೆ ಕಳುಹಬೇಕಾಗಿ ಕೋರುತ್ತೇವೆ.