ಗಾಳಿಗೆ ಹೋದದ್ದೇ ಗಳಿಕೆ

ಲಿಂಗಸುಗೂರಿನಿಂದ ಮಸ್ಕಿಗೆ ಹೊರಟ ಜೀಪಿನ ಮೇಲೆ ಎರಡು ಮೀಟರ್‌ಗಿಂತ ತುಸು ಉದ್ದದ ಕಡ್ಡಿ ಆಂಟೆನಾ ಇದೆ ಎಂದುಕೊಳ್ಳಿ. ಒಳಗೆ 100 ವಾಟ್‌ನ ಹ್ಯಾಮ್ ರೇಡಿಯೊ. 7.1 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಆಂಟೆನಾದಿಂದ ಅಲೆಯಾಗಿ ಹೊರಡುವುದು 10 ವಾಟ್‌ನಷ್ಟು ಮಾತ್ರ. ಅದೇ ರೇಡಿಯೊವನ್ನು ಸಿಂಧನೂರಿನ ಹೊಲದಲ್ಲಿ ಎರಡು ಎತ್ತರದ ಬೇವಿನ ಮರಗಳಿಗೆ ಎಳೆದು ಕಟ್ಟಿದ, ನಡುವೆ ಕತ್ತರಿಸಿ ಕೇಬಲ್ ಇಳಿಸಿದ 20 ಮೀಟರ್ ತಾಮ್ರದ ತಂತಿಗೆ ಜೋಡಿಸಿ. ಈಗ 90 ವಾಟ್‌ಗೂ ಹೆಚ್ಚು ಹೊರಡುತ್ತದೆ.

ಈ ವ್ಯತ್ಯಾಸದ ಹಿಂದೆ ಇರುವುದು ವಿಕಿರಣ ರೋಧ. ಆಂಟೆನಾದಲ್ಲಿ ಹರಿಯುವ ವಿದ್ಯುತ್ತು ಎರಡು ದಾರಿಯಲ್ಲಿ ಖರ್ಚಾಗುತ್ತದೆ. ತಂತಿ, ಸುರುಳಿ, ನೆಲ ಇವುಗಳಲ್ಲಿ ಬಿಸಿಯಾಗಿ ಕಳೆದುಹೋಗುವುದು ಒಂದು. ಅಲೆಯಾಗಿ ದೂರ ಸಾಗುವುದು ಇನ್ನೊಂದು. ಈ ಎರಡನೆಯ ಖರ್ಚನ್ನೂ ಓಮ್‌ಗಳಲ್ಲೇ ಅಳೆಯುತ್ತಾರೆ. ಮಲ್ಟಿಮೀಟರ್ ಹಿಡಿದು ಹುಡುಕಿದರೆ ಈ ರೋಧ ಸಿಗದು. ಆದರೆ ಲೆಕ್ಕದಲ್ಲಿ ಅದು ನಿಜ: ಸಿಂಧನೂರಿನ ತಂತಿಯಂತೆ ಅರ್ಧ ತರಂಗದೂರದಷ್ಟು ಉದ್ದದ ತಂತಿಗೆ ಅದು ಸುಮಾರು 73 ಓಮ್, ಅಂದರೆ ಅದರ ನಡುವೆ 1 ಆಂಪಿಯರ್ ಹರಿಸಿದರೆ 73 ವಾಟ್ ಹೊರಡುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ಬಿಟ್ಟ ನೀರೇ ಬೇರೆ, ಗದ್ದೆಗೆ ಬಿದ್ದ ನೀರೇ ಬೇರೆ.

ಜೀಪಿನ ಕಡ್ಡಿಯ ಕಷ್ಟ ಅದರ ಗಿಡ್ಡತನ. 7.1 ಮೆಗಾಹರ್ಟ್ಸ್‌ನ ತರಂಗದೂರ 42 ಮೀಟರ್. ಕಡ್ಡಿ ಅದರ ಇಪ್ಪತ್ತನೇ ಒಂದು ಭಾಗ. ಇಷ್ಟು ಗಿಡ್ಡ ಆಂಟೆನಾದ ಎತ್ತರ ಅರ್ಧಕ್ಕಿಳಿದರೆ ವಿಕಿರಣ ರೋಧ ಕಾಲು ಭಾಗಕ್ಕೇ ಇಳಿಯುತ್ತದೆ. ಈ ಕಡ್ಡಿಗೆ ಸಿಗುವುದು 1 ಓಮ್. ಗಿಡ್ಡತನ ಸರಿದೂಗಿಸಲು ಹಾಕುವ ಸುರುಳಿ ಮತ್ತು ನೆಲದ ನಷ್ಟ 9 ಓಮ್ ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು ಬಿಸಿಯಾಗಿ ಹೋಯಿತು.

ಇಲ್ಲೇ ಹೊಸಬರು ಮೋಸ ಹೋಗುವುದು. ರೇಡಿಯೊಗೆ ಬೇಕಾದದ್ದು 50 ಓಮ್. ನೆಲದ ಸಂಪರ್ಕ ಕೆಟ್ಟು ನಷ್ಟ 9ರಿಂದ 40 ಓಮ್‌ಗೆ ಏರಿದರೆ ಒಟ್ಟು 41 ಆಗುತ್ತದೆ. ರೇಡಿಯೊಗೂ ಆಂಟೆನಾಗೂ ಎಷ್ಟು ಹೊಂದಿಕೆಯಾಗಿದೆ ಎಂದು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಮೊದಲಿಗಿಂತ ಒಳ್ಳೆಯ ಅಂಕಿ ತೋರಿಸುತ್ತದೆ. ಹೊರಡುವುದು ಮಾತ್ರ ಎರಡೂವರೆ ವಾಟ್‌ಗೂ ಕಡಿಮೆ! ಮೀಟರ್ ಸುಳ್ಳು ಹೇಳುವುದಿಲ್ಲ. ಎಷ್ಟು ಬಿಸಿಯಾಯಿತು, ಎಷ್ಟು ಅಲೆಯಾಯಿತು ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ.

ದೊಡ್ಡ ನಿಲಯಗಳಿಗೂ ಇದೇ ನಿಯಮ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಎಂದರೆ 392 ಮೀಟರ್ ತರಂಗದೂರ. ಅದರ ಕಾಲು ಭಾಗ 98 ಮೀಟರ್. ಅಷ್ಟೆತ್ತರದ ಕಂಬಕ್ಕೆ ಸುಮಾರು 36 ಓಮ್ ವಿಕಿರಣ ರೋಧ. ಮಧ್ಯಮ ತರಂಗದ ಕಂಬಗಳು ಮುಗಿಲೆತ್ತರ ಇರುವುದು ಇದಕ್ಕಾಗಿ. ನೆಲದ ನಷ್ಟ ತಗ್ಗಿಸಲು ಕಂಬದ ಬುಡದಿಂದ ಸುತ್ತಲೂ ತಾಮ್ರದ ತಂತಿ ಹೂಳುತ್ತಾರೆ. ಅಮೆರಿಕದಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೈನ್ 1937ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಳಿಕ 120 ತಂತಿಗಳ ಲೆಕ್ಕ ರೂಢಿಯಾಯಿತು. ಕೇಳುಗನ ಕಣ್ಣಿಗೆ ಬೀಳದ ಈ ತಾಮ್ರಕ್ಕೆ ಕಂಬದಷ್ಟೇ ಬೆಲೆ ಕೊಡಬೇಕು.

ನೆಲದ ಗುಣವೂ ಮುಖ್ಯ. ನೀರುಂಡ ಎರೆ ಭೂಮಿ ವಿದ್ಯುತ್ತಿಗೆ ಒಳ್ಳೆಯ ದಾರಿ. ಮಸ್ಕಿಯ ಗುಡ್ಡದಂಥ ಒಣ ಬಂಡೆ ಹಾಗಲ್ಲ. ಅಲ್ಲಿ ನಿಂತ ಕಂಬಕ್ಕೆ ಹೆಚ್ಚು ತಂತಿ ಹಾಸಲೇಬೇಕು.

ಶಾಲೆ ಕಾಲೇಜುಗಳಲ್ಲಿ ಹ್ಯಾಮ್ ಕೇಂದ್ರ ಕಟ್ಟಲು ಹೊರಟವರು ಹೆಚ್ಚು ವಾಟ್‌ನ ಯಂತ್ರಕ್ಕೆ ಹಣ ಸುರಿಯುವ ಮೊದಲು ಉದ್ದನೆಯ ತಂತಿ, ಎತ್ತರದ ಆಸರೆ ಹುಡುಕಿ. ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿರಬೇಕು ಎಂಬುದನ್ನೂ ಮರೆಯಬೇಡಿ.