ನಿಮಗಿದು ಗೊತ್ತೆ? ಸಾಗರತಳದ ಅಂತರ್ಜಾಲ

ಬೆಂಗಳೂರಿನ ಮನೆಯೊಂದರಲ್ಲಿ ಕುಳಿತ ತಾಯಿಯು ಅಮೆರಿಕದಲ್ಲಿರುವ ಮಗಳ ಮುಖವನ್ನು ಮೊಬೈಲಿನಲ್ಲಿ ಕಂಡು ಕುಶಲವನ್ನು ವಿಚಾರಿಸುವಾಗ, ಆ ಮಾತೂ ಆ ಚಿತ್ರವೂ ಉಪಗ್ರಹದ ಮೂಲಕ ಆಕಾಶಮಾರ್ಗವಾಗಿ ಬರುತ್ತವೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಖಂಡಖಂಡಗಳ ನಡುವೆ ಸಂಚರಿಸುವ ಅಂತರ್ಜಾಲದ ದತ್ತಾಂಶದಲ್ಲಿ ಶೇಕಡಾ 95ಕ್ಕೂ ಮಿಗಿಲಾದ ಭಾಗವು ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್ಲುಗಳ ಮೂಲಕವೇ ಹಾದುಹೋಗುತ್ತದೆ.

ಈ ಕೇಬಲ್ಲುಗಳ ಒಡಲಲ್ಲಿರುವುದು ತಲೆಗೂದಲಿನಷ್ಟು ತೆಳುವಾದ ಗಾಜಿನ ಎಳೆಗಳು. ಅವುಗಳೊಳಗೆ ಬೆಳಕಿನ ಸ್ಪಂದನಗಳ ರೂಪವನ್ನು ತಳೆದ ಸಂದೇಶವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಿಂದ ಧಾವಿಸುತ್ತದೆ. ದೂರವನ್ನು ಕ್ರಮಿಸಿದಂತೆಲ್ಲ ಕ್ಷೀಣಿಸುವ ಆ ಬೆಳಕಿಗೆ ಮರಳಿ ಬಲವನ್ನೀಯಲೆಂದು ದಾರಿಯುದ್ದಕ್ಕೂ ವರ್ಧಕಗಳನ್ನು ಅಳವಡಿಸಿರುತ್ತಾರೆ.

ಈ ಸಾಹಸದ ಇತಿಹಾಸವು ದೀರ್ಘವಾದುದು. ಅಟ್ಲಾಂಟಿಕ್ ಸಾಗರದಡಿಯಲ್ಲಿ 1858ರಲ್ಲಿ ಹಾಸಿದ ಮೊದಲ ಟೆಲಿಗ್ರಾಫ್ ತಂತಿಯು ಕೆಲವೇ ವಾರಗಳಲ್ಲಿ ನಿಷ್ಕ್ರಿಯವಾದರೂ, ಎದೆಗುಂದದ ತಜ್ಞರು 1866ರಲ್ಲಿ ಬಾಳಿಕೆಯುಳ್ಳ ಸಂಪರ್ಕವನ್ನು ಸಾಧಿಸಿದರು; ಅದೇ ಸಾಗರವನ್ನು ಗಾಜಿನೆಳೆಯ ಪ್ರಥಮ ಕೇಬಲ್ಲಾದ ಟಿಎಟಿ-8 ದಾಟಿದುದು 1988ರಲ್ಲಿ.

ಭಾರತವನ್ನು ತಲುಪುವ ಕೇಬಲ್ಲುಗಳು ಬಹುಮಟ್ಟಿಗೆ ಮುಂಬಯಿ ಮತ್ತು ಚೆನ್ನೈ ನಗರಗಳಲ್ಲಿ ದಡವನ್ನೇರುತ್ತವೆ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಮೀಪದಲ್ಲಿ ಎರಡು ಕೇಬಲ್ಲುಗಳಿಗೆ ಹಾನಿಯೊದಗಿದಾಗ, ಸಹಸ್ರಾರು ಕಿಲೋಮೀಟರ್ ದೂರದ ನಮ್ಮ ದೇಶದಲ್ಲಿಯೂ ಅಂತರ್ಜಾಲದ ಗತಿಯು ಬಹಳವಾಗಿ ಕುಂಠಿತವಾಯಿತು.

ಇಂತಹ ಹಾನಿಗಳಿಗೆ ಬಹುಪಾಲು ಕಾರಣವಾಗಿರುವುದು ಹಡಗುಗಳ ಲಂಗರು ಹಾಗೂ ಮೀನುಗಾರಿಕೆಯ ಸಲಕರಣೆಗಳು. ದುರಸ್ತಿಗೆಂದೇ ಸಜ್ಜಾದ ವಿಶೇಷ ನೌಕೆಗಳು ತುಂಡಾದ ಕೇಬಲ್ಲನ್ನು ಕಡಲಾಳದಿಂದ ಮೇಲೆತ್ತಿ, ಎಳೆಗೆ ಎಳೆಯನ್ನು ಬೆಸೆದು, ಪುನಃ ನೀರಿಗಿಳಿಸುತ್ತವೆ.